ಕಡಗಂಚಿ ಕ್ಯಾಂಪಸ್ ಸೇರುವುದು ಹೇಗೆ, ಕಲಬುರಗಿ ಸುತ್ತುವುದು ಹೇಗೆ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆಯಾ? ಹಾಗಾದರೆ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಅದು ಕಲಬುರಗಿ ಊರೊಳಗೆ ಇಲ್ಲ. ವಿಳಾಸದಲ್ಲಿ ಕಲಬುರಗಿ ಅಂತಲೇ ಇರುತ್ತದೆ, ಜಿಲ್ಲೆಯೂ ಅದೇ. ಆದರೆ ಕ್ಯಾಂಪಸ್ ಇರುವುದು ಆಳಂದ ತಾಲೂಕಿನ ಕಡಗಂಚಿ ಹತ್ತಿರ, ಊರಿಂದ ಸುಮಾರು 30 ಕಿ.ಮೀ. ಆಚೆ. ರೈಲು ಇಳಿದು ಆಟೋ ಹತ್ತಿ ಹತ್ತು ನಿಮಿಷಕ್ಕೆ ಹಾಸ್ಟೆಲ್ ಸೇರುತ್ತೇನೆ ಅಂದುಕೊಂಡು ಬಂದರೆ ಆಗುವುದಿಲ್ಲ.

ಗೊಂದಲಕ್ಕೆ ಇನ್ನೂ ಒಂದು ಕಾರಣ ಇದೆ. ಈ ಊರಿನ ಸುತ್ತ ಯೂನಿವರ್ಸಿಟಿಗಳು ಒಂದಲ್ಲ, ನಾಲ್ಕು. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ ಸೇಡಂ ರಸ್ತೆಯಲ್ಲಿದೆ, ಅದರ ಆವರಣದ ಹೆಸರು ಜ್ಞಾನಗಂಗಾ. ಶರಣಬಸವ ವಿಶ್ವವಿದ್ಯಾಲಯ ಮತ್ತು ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಊರಲ್ಲೇ ಇವೆ. ನಿಮ್ಮದು 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ. ಮೊದಮೊದಲು ಅದೂ ಗುಲಬರ್ಗಾ ವಿವಿ ಆವರಣದ ಕಟ್ಟಡದಲ್ಲೇ ನಡೆಯುತ್ತಿತ್ತು, ಆಮೇಲೆ ಕಡಗಂಚಿಯ 650 ಎಕರೆ ದಾಟಿದ ಜಾಗಕ್ಕೆ ಹೋಯಿತು. ಹಾಗಾಗಿ ಆಟೋದವರ ಹತ್ತಿರ ಸುಮ್ನೆ "ಯೂನಿವರ್ಸಿಟಿ" ಅಂದರೆ ಗಾಡಿ ಸೇಡಂ ರಸ್ತೆಗೆ ತಿರುಗುತ್ತದೆ. ಅದು ಊರಿನ ಪೂರ್ವಕ್ಕೆ, ನೀವು ಹೋಗಬೇಕಾದದ್ದು ವಾಯವ್ಯಕ್ಕೆ. "ಸೆಂಟ್ರಲ್ ಯೂನಿವರ್ಸಿಟಿ, ಕಡಗಂಚಿ" ಅಂತ ಎರಡೂ ಹೆಸರು ಸೇರಿಸಿ ಹೇಳಿ.

ಮೊದಲು ಕಲಬುರಗಿ ಮುಟ್ಟುವುದು

ರೈಲೇ ಒಳ್ಳೆಯದು, ಅದರಲ್ಲೂ ಟ್ರಂಕು, ಹಾಸಿಗೆ ಇದ್ದರೆ. ಕಲಬುರಗಿ ಜಂಕ್ಷನ್ ಮುಂಬೈ–ಚೆನ್ನೈ ದಾರಿಯಲ್ಲಿದೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್ ಎರಡೂ ಸಂಜೆ–ರಾತ್ರಿ ಹೊತ್ತಿಗೆ ಹೊರಟು ಬೆಳಗಿನ ಜಾವ ಇಲ್ಲಿಗೆ ತಲುಪಿಸುತ್ತವೆ. ಮೈಸೂರಿನವರಿಗೆ ಬಸವ ಎಕ್ಸ್‌ಪ್ರೆಸ್ ಇದೆ, ಹಾಸನದವರಿಗೆ ಸೋಲಾಪುರ ಗಾಡಿ. ಬೀದರಿನಿಂದ 2017ರಲ್ಲಿ ಹುಮನಾಬಾದ್ ಮೇಲೆ ರೈಲು ಮಾರ್ಗ ಪೂರ್ತಿಯಾಗಿದೆ. ಹುಬ್ಬಳ್ಳಿ–ಧಾರವಾಡ, ಕರಾವಳಿ, ಮಲೆನಾಡಿನವರು ಮಾತ್ರ ರೈಲಿನ ಆಸೆ ಬಿಟ್ಟು ಬಸ್ಸಿಗೇ ಬರುವುದು ವಾಸಿ. ಸುತ್ತಿ ಬಳಸಿ ಗಾಡಿ ಬದಲಿಸುವಷ್ಟರಲ್ಲಿ ಬಸ್ಸು ಮುಟ್ಟಿರುತ್ತದೆ.

2024ರ ಮಾರ್ಚ್‌ನಿಂದ ಬೆಂಗಳೂರಿಗೂ ಕಲಬುರಗಿಗೂ ವಂದೇ ಭಾರತ್ ಓಡುತ್ತಿದೆ. ಚಂದದ ಗಾಡಿ, ಒಪ್ಪುತ್ತೇನೆ. ಆದರೆ ಹೊಸದಾಗಿ ಕ್ಯಾಂಪಸ್ ಸೇರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಮಧ್ಯಾಹ್ನ ಬೆಂಗಳೂರು ಬಿಟ್ಟರೆ ಇಲ್ಲಿಗೆ ಬರುವುದು ನಡುರಾತ್ರಿಯ ಹೊತ್ತಿಗೆ. ಆಗ ಕಡಗಂಚಿಗೆ ಬಸ್ಸಿಲ್ಲ, ಲಾಡ್ಜ್ ಹಿಡಿಯಲೇಬೇಕು. ರಜೆಗೆ ಊರಿಗೆ ಹೋಗುವಾಗ ಬೇಕಾದರೆ ಹತ್ತಿ. ಆಗಲೂ ಅದು ಇಲ್ಲಿಂದ ನಸುಕಿನಲ್ಲೇ ಹೊರಡುತ್ತದೆ, ಹಿಂದಿನ ರಾತ್ರಿಯೇ ಕಲಬುರಗಿಗೆ ಬಂದು ಇರಬೇಕು.

ಟಿಕೆಟ್ ಬುಕ್ ಮಾಡುವಾಗ ಸ್ಟೇಷನ್ ಕೋಡ್ ಕೆಎಲ್‌ಬಿಜಿ. ಊರಿನ ಹೆಸರು 2014ರ ನವೆಂಬರ್ 1ಕ್ಕೆ ಗುಲಬರ್ಗಾದಿಂದ ಕಲಬುರಗಿ ಆಯಿತು. ಆದರೆ ಜನರ ಬಾಯಲ್ಲಿ, ಅಂಗಡಿ ಬೋರ್ಡಿನಲ್ಲಿ ಹಳೆ ಹೆಸರು ಈಗಲೂ ಇದೆ. ಎರಡೂ ಒಂದೇ ಊರು, ಗಾಬರಿ ಬೇಡ. ಬೆಂಗಳೂರು ಕಡೆಯಿಂದ ಬರುವಾಗ ರಾಯಚೂರು, ಯಾದಗಿರಿ ಆದ ಮೇಲೆ ವಾಡಿ ಜಂಕ್ಷನ್ ಬರುತ್ತದೆ, ಸಿಮೆಂಟ್ ಫ್ಯಾಕ್ಟರಿ ಊರು. ವಾಡಿ ಬಂತು ಅಂದರೆ ಚಾದರ ಮಡಚಿ, ಚಪ್ಪಲಿ ಹುಡುಕಿ, ಸೀಟಿನ ಕೆಳಗಿನ ಬ್ಯಾಗು ಹೊರಗೆ ಎಳೆಯಿರಿ. ಆಮೇಲೆ ಶಹಾಬಾದ್, ಅದಾದ ಮೇಲೆ ಕಲಬುರಗಿ. ಗಾಡಿ ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಮುಂದೆ ಸೋಲಾಪುರ, ಪುಣೆ ಕಡೆಗೆ ಹೊರಟೇ ಬಿಡುತ್ತದೆ.

ಬಸ್ಸಾದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸ್ಲೀಪರ್‌ಗಳು ಇವೆ. ಎಸಿ ಬೇಕಾದವರಿಗೆ ಕಲ್ಯಾಣ ರಥ, ಬೇಡದವರಿಗೆ ಅಮೋಘವರ್ಷ. ಅಮೋಘವರ್ಷ ಯಾರು ಅನ್ನುವುದು ಮಳಖೇಡದ ಮಾತು ಬಂದಾಗ ಹೇಳುತ್ತೇನೆ. ವಿಮಾನ ನಿಲ್ದಾಣವೂ ಇದೆ, 2019ರ ನವೆಂಬರ್‌ನಲ್ಲಿ ಶುರುವಾಯಿತು. ಆದರೆ ಇಲ್ಲಿ ವಿಮಾನ ಬರುವುದೂ ನಿಲ್ಲುವುದೂ ನಡೆದೇ ಇದೆ. ಅದನ್ನೇ ನಂಬಿ ಅಡ್ಮಿಷನ್ ದಿನಕ್ಕೆ ಪ್ಲಾನ್ ಮಾಡಬೇಡಿ.

ಸೋಲಾಪುರ ಕಡೆಯಿಂದ ಬರುವವರಿಗೆ ಒಂದು ಒಳದಾರಿ ಇದೆ. ಅಕ್ಕಲಕೋಟ, ಆಳಂದ ಮೇಲೆ ಕಲಬುರಗಿಗೆ ಬರುವ ಬಸ್ ಸಿಕ್ಕರೆ ಅದು ನಿಮ್ಮ ಕ್ಯಾಂಪಸ್ ಮುಂದೆಯೇ ಹಾಯುತ್ತದೆ. ಊರಿಗೆ ಬಂದು ತಿರುಗಿ ಹೋಗುವ ಕೆಲಸ ತಪ್ಪುತ್ತದೆ.

ಊರಿಂದ ಕಡಗಂಚಿಗೆ

ರೈಲ್ವೆ ಸ್ಟೇಷನ್ನಿಂದ ಹೊರಗೆ ಬಂದ ಕೂಡಲೇ ಆಟೋದವರು ಮುತ್ತಿಕೊಳ್ಳುತ್ತಾರೆ. ಇಲ್ಲಿ ಮೀಟರ್ ಲೆಕ್ಕ ನಡೆಯುವುದಿಲ್ಲ, ಕೂರುವ ಮೊದಲೇ ಬಾಡಿಗೆ ಮಾತಾಡಿ. ಕೇಂದ್ರ ಬಸ್ ನಿಲ್ದಾಣಕ್ಕೆ ಅಂತ ಹೇಳಿ. ಅಲ್ಲಿ ಆಳಂದ ಪ್ಲಾಟ್‌ಫಾರಂ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಆಳಂದಕ್ಕೆ ಬೆಳಗಿನಿಂದ ಸಂಜೆವರೆಗೆ ಬಸ್ಸಿಗೆ ಬರ ಇಲ್ಲ. ನೋಡಿಕೊಳ್ಳಬೇಕಾದದ್ದು ಒಂದೇ: ಬೋರ್ಡಿನಲ್ಲಿ "ತಡೆರಹಿತ" ಅಂತ ಇದ್ದರೆ ಅದು ನಡುವೆ ನಿಲ್ಲುತ್ತದಾ ಅಂತ ಕೇಳಿಯೇ ಹತ್ತಿ. ಉಮರ್ಗಾ ಕಡೆಗೆ ಹೋಗುವ ದೂರದ ಬಸ್ಸಿಗೂ ಇದೇ ಮಾತು.

ಕಂಡಕ್ಟರ್ ಬಂದಾಗ ಮಾತು ಹೀಗಿರುತ್ತದೆ.

"ಎಲ್ಲಿಗ್ರಿ?"

"ಸೆಂಟ್ರಲ್ ಯೂನಿವರ್ಸಿಟಿ ರೀ. ಗೇಟ್ ಹತ್ರ ಇಳಿಸ್ರಿ."

"ಹೊಸ ಅಡ್ಮಿಷನ್ ಏನ್ರಿ? ಕೂಡ್ರಿ, ಬಂದಾಗ ಹೇಳ್ತೀನಿ."

ಈ "ರಿ" ಬಿಡಬೇಡಿ. ಚಿಕ್ಕವರಿಗೂ ದೊಡ್ಡವರಿಗೂ, ಆಟೋದವರಿಗೂ ಸಾಹೇಬರಿಗೂ ಇಲ್ಲಿ ಅದೇ ಮರ್ಯಾದೆ. ಬೆಂಗಳೂರಿನ "ಬಾ ಗುರು" ಇಲ್ಲಿ ಕಿವಿಗೆ ಒರಟಾಗಿ ಬೀಳುತ್ತದೆ. ವಯಸ್ಸಾದವರಿಗೆ ಕಾಕಾ, ಹೆಣ್ಣುಮಕ್ಕಳಿಗೆ ಅಕ್ಕಾರ ಅಂದರೆ ಅರ್ಧ ಕೆಲಸ ಆದಂತೆ. ದಖನಿ ಉರ್ದು ಕೂಡ ಊರಿನ ಮಾತೇ. ಅಂಗಡಿಯವರು ಒಂದೇ ಉಸಿರಿನಲ್ಲಿ ಎರಡೂ ಮಾತಾಡುತ್ತಾರೆ.

ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಕರ್ನಾಟಕದ ವಿಳಾಸ ಇರುವ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಬೇಕು. ಸ್ಲೀಪರ್, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ. ಹೊರರಾಜ್ಯದ ಗೆಳತಿಯರಿಗೂ ಇಲ್ಲ. ಕ್ಯಾಂಪಸ್ಸಿನಲ್ಲಿ ಕೇರಳ, ಬಿಹಾರ, ಒಡಿಶಾದ ಹುಡುಗಿಯರು ಸಿಗುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಬಸ್ ನಿಲ್ದಾಣದಿಂದ ಹೊರಟ ಬಸ್ಸು ರಿಂಗ್ ರೋಡ್ ಸೇರುವ ಆಳಂದ ಚೆಕ್‌ಪೋಸ್ಟ್ ಹತ್ತಿರ ಇನ್ನಷ್ಟು ಜನರನ್ನು ಹತ್ತಿಸಿಕೊಳ್ಳುತ್ತದೆ. ಕ್ರೂಸರ್ ಜೀಪು, ಟಂಟಂ ಆಟೋಗಳೂ ಓಡಾಡುತ್ತವೆ. ಸಾಮಾನು ಇಲ್ಲದಾಗ ಸರಿ. ಆದರೆ ಗಾಡಿ ತುಂಬುವವರೆಗೆ ಹೊರಡುವುದಿಲ್ಲ, ತುಂಬಿದ ಮೇಲೂ ನಾಲ್ಕು ಜನ ಹತ್ತುತ್ತಾರೆ. ಪರೀಕ್ಷೆ ದಿನ, ಇಂಟರ್‌ವ್ಯೂ ದಿನ ಅದರ ಸಹವಾಸ ಬೇಡ.

ಚೆಕ್‌ಪೋಸ್ಟ್ ದಾಟಿದ ಮೇಲೆ ಎರಡೂ ಕಡೆ ಎರೆ ಹೊಲ. ಮಳೆಗಾಲದ ಮೊದಲಿಗೆ ಬಂದವರಿಗೆ ಬರೀ ಕಪ್ಪು ಮಣ್ಣು ಕಾಣುತ್ತದೆ. ಅಕ್ಟೋಬರ್–ನವೆಂಬರ್ ಹೊತ್ತಿಗೆ ಅದೇ ಹೊಲದಲ್ಲಿ ತೊಗರಿ ಎದೆಮಟ್ಟ ಬೆಳೆದು ಹಳದಿ ಹೂ ಬಿಟ್ಟಿರುತ್ತದೆ. ಈ ಭಾಗದ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂದಿದೆ. ಕಾಯಿ ಹಸಿ ಇರುವಾಗ ಉಪ್ಪು ಹಾಕಿ ಸಿಪ್ಪೆ ಸಮೇತ ಕುದಿಸಿ ತಿನ್ನುತ್ತಾರೆ. ತುದಿ ಹಿಡಿದು ಹಲ್ಲಿನಿಂದ ಎಳೆದರೆ ಕಾಳು ಬಾಯಿಗೆ, ಸಿಪ್ಪೆ ಕೈಯಲ್ಲಿ. ಕಲಿತುಕೊಳ್ಳಿ, ಹಾಸ್ಟೆಲ್ ಸಂಜೆಗೆ ಇದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

ಅಡ್ಮಿಷನ್ ದಿನ

ಇಲ್ಲಿ ಪ್ರವೇಶ ಸಿಯುಇಟಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ. ಬರುವ ಮುಂಚೆ ಮೂಲ ದಾಖಲೆಗಳ ಜೊತೆ ಎರಡು ಮೂರು ಸೆಟ್ ಜೆರಾಕ್ಸ್ ಊರಲ್ಲೇ ಮಾಡಿಸಿ. ಹೊಲದ ನಡುವೆ ಇರುವ ಕ್ಯಾಂಪಸ್ಸಿನಲ್ಲಿ ಒಂದು ಹಾಳೆ ಕಮ್ಮಿ ಬಿದ್ದರೂ ಪೇಚಾಟ.

ನಮ್ಮ ಕನ್ನಡದ ಮಕ್ಕಳು ಎಡವುವ ಜಾಗ ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಎ, 3ಬಿ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಸರ್ಟಿಫಿಕೇಟ್ ಬೇಕು, ಅದೂ ಕೆನೆಪದರಕ್ಕೆ ಸೇರಿಲ್ಲ ಅನ್ನುವ ಮಾತಿನ ಜೊತೆ. ರಾಜ್ಯದ ಪಟ್ಟಿಯಲ್ಲಿ ಇರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಮೊದಲು ಅದನ್ನು ನೋಡಿ, ಆಮೇಲೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಹಾಕಿ. ಫಲಿತಾಂಶ ಬಂದ ಮೇಲೆ ಓಡಾಡಿದರೆ ದಿನ ಸಾಲುವುದಿಲ್ಲ. ಬೇರೆ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿಸಿ ಬರುವವರು ಮೈಗ್ರೇಷನ್ ಸರ್ಟಿಫಿಕೇಟಿಗೂ ಅಲ್ಲೇ ಅರ್ಜಿ ಹಾಕಿ ಬನ್ನಿ.

ಅಪ್ಪ–ಅಮ್ಮ ಜೊತೆಗೆ ಬಂದಿದ್ದರೆ ಹಿಂದಿನ ರಾತ್ರಿ ಊರಲ್ಲೇ ಉಳಿಯಿರಿ. ಲಾಡ್ಜ್‌ಗಳು ಸ್ಟೇಷನ್ ಹತ್ತಿರವೂ ಬಸ್ ನಿಲ್ದಾಣದ ಹತ್ತಿರವೂ ಇವೆ. ಕಡಗಂಚಿಯಲ್ಲಿ ಹುಡುಕಬೇಡಿ, ಅದು ಹಳ್ಳಿ. ಅಲ್ಲಿಯ ದತ್ತನ ಗುಡಿಗೆ ಮಹಾರಾಷ್ಟ್ರದಿಂದ ಭಕ್ತರು ಬರುತ್ತಾರೆ ಅನ್ನುವುದು ನಿಜ, ಆದರೆ ಊರಿನಷ್ಟು ಅನುಕೂಲ ಇರುವುದಿಲ್ಲ.

ಊರು ನೋಡಲು ಹೊತ್ತು ಯಾವುದು

ಕ್ಯಾಂಪಸ್ಸಿನ ಹುಡುಗರಲ್ಲಿ ಎಷ್ಟೋ ಜನ ಎರಡು ವರ್ಷ ಓದಿ, ಕಲಬುರಗಿ ಅಂದರೆ ಬಸ್ ನಿಲ್ದಾಣ ಮತ್ತು ಒಂದು ಬಿರಿಯಾನಿ ಹೋಟೆಲ್ ಅಂತ ತಿಳಿದು ಹೋಗುತ್ತಾರೆ. ಭಾನುವಾರ ಹನ್ನೊಂದಕ್ಕೆ ಎದ್ದು ಬಂದರೆ ಅಷ್ಟೇ ಕಾಣುವುದು. ಬಿಸಿಲು ಇಲ್ಲಿ ತಮಾಷೆ ಅಲ್ಲ. ಏಪ್ರಿಲ್–ಮೇಯಲ್ಲಿ 42, 43 ಡಿಗ್ರಿ ಮಾಮೂಲು. ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ನೀವೂ ಅದೇ ಲೆಕ್ಕ ಹಿಡಿಯಿರಿ. ಮೊದಲ ಬಸ್ಸಿಗೆ ಊರಿಗೆ ಬನ್ನಿ, ಹನ್ನೊಂದರೊಳಗೆ ಒಂದು ಸುತ್ತು ಮುಗಿಸಿ. ಮಧ್ಯಾಹ್ನ ಊಟ, ನೆರಳು. ನಾಲ್ಕರ ಮೇಲೆ ಇನ್ನೊಂದು ಸುತ್ತು. ನವೆಂಬರ್‌ನಿಂದ ಫೆಬ್ರವರಿವರೆಗೆ ಇಷ್ಟು ಕಟ್ಟುನಿಟ್ಟು ಬೇಡ.

ಬೆಳಗಿನ ಹೊತ್ತು ಕೋಟೆಗೆ ಕೊಡಿ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ರಾಜ್ಯ ಕಟ್ಟಿದಾಗ ಈ ಊರೇ ರಾಜಧಾನಿ. 1420ರ ದಶಕದಲ್ಲಿ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಸುತ್ತ ಕಂದಕ, ದಪ್ಪ ಗೋಡೆ, ಒಳಗೆ ಬಾಲಾ ಹಿಸಾರ್ ಅನ್ನುವ ಎತ್ತರದ ಕಟ್ಟಡ. ಬುರುಜಿನ ಮೇಲಿನ ಉದ್ದ ತೋಪು (ಫಿರಂಗಿ) ಸುಮಾರು 29 ಅಡಿ. ಜಗತ್ತಿನಲ್ಲೇ ಉದ್ದದ್ದು ಅಂತ ಇಲ್ಲಿಯವರು ಎದೆಯುಬ್ಬಿಸಿ ಹೇಳುತ್ತಾರೆ, ಕೇಳಿಸಿಕೊಳ್ಳಿ. ಕೋಟೆ ಒಳಗೆ ತಲೆಮಾರುಗಳಿಂದ ಜನ ಮನೆ ಮಾಡಿಕೊಂಡಿದ್ದಾರೆ. ಅವರ ಅಂಗಳದಲ್ಲಿ ಹಾಯುವಾಗ ಕೇಳಿ ಹೋಗಿ, ಮನೆ ಮುಂದಿನ ಹೆಣ್ಣುಮಕ್ಕಳ ಫೋಟೋ ತೆಗೆಯಬೇಡಿ.

ಆದರೆ ಕೋಟೆಗಿಂತ ಒಳಗಿನ ಜಾಮಿ ಮಸೀದಿಯಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು. 1367ರದ್ದು. ಪರ್ಷಿಯಾದ ಕಜ್ವೀನ್ ಊರಿನ ರಫಿ ಅನ್ನುವವನು ಕಟ್ಟಿದ ಅಂತ ಶಾಸನ ಇದೆ. ಮಸೀದಿ ಅಂದರೆ ನಡುವೆ ತೆರೆದ ಅಂಗಳ ಇರುತ್ತದೆ ಅಲ್ವಾ? ಇಲ್ಲಿ ಅಂಗಳವೇ ಇಲ್ಲ. ಪೂರ್ತಿ ಚಾವಣಿ. ಒಂದು ದೊಡ್ಡ ಗುಮ್ಮಟ, ಮೂಲೆಗೆ ಒಂದರಂತೆ ನಾಲ್ಕು, ಉಳಿದ ಜಾಗಕ್ಕೆ 75 ಸಣ್ಣ ಗುಮ್ಮಟಗಳು. ಅಂಗಳ ಇಲ್ಲದ ಮೇಲೆ ಬೆಳಕು ಎಲ್ಲಿಂದ? ಅದಕ್ಕೇ ಅಂಚಿನ ಸಾಲಿನ ಕಮಾನುಗಳನ್ನು ಬಹಳ ಅಗಲ, ಬಹಳ ಗಿಡ್ಡ ಮಾಡಿದ್ದಾರೆ. ಕಂಬದ ಬುಡ ತೀರಾ ಗಿಡ್ಡ, ಕಮಾನು ಅಲ್ಲಿಂದಲೇ ಬಾಗಲು ಶುರು. ಆ ಸಾಲಿನ ಒಂದು ತುದಿಗೆ ನಿಂತು ನೋಡಿ. ಕಮಾನಿನೊಳಗೆ ಕಮಾನು, ಅದರೊಳಗೆ ಇನ್ನೊಂದು. ಬೆಳಿಗ್ಗೆ ಎಂಟರ ಸುಮಾರಿಗೆ ಪೂರ್ವದ ಬಿಸಿಲು ಅಡ್ಡಡ್ಡ ಒಳಗೆ ಬಂದು ನೆಲದ ಮೇಲೆ ಪಟ್ಟೆ ಎಳೆಯುತ್ತದೆ. ಹೊರಗೆ ಕಾದ ಕಲ್ಲು, ಒಳಗೆ ತಣ್ಣನೆ ನೆಲ. ಚಪ್ಪಲಿ ಹೊರಗೆ ಬಿಟ್ಟಿರುತ್ತೀರಲ್ಲ, ಪಾದಕ್ಕೇ ಗೊತ್ತಾಗುತ್ತದೆ.

ಕೋಟೆ ಮುಗಿಸಿ ಶರಣಬಸವೇಶ್ವರ ಗುಡಿಗೆ ಆಟೋ ಹಿಡಿಯಿರಿ. ಜೇವರ್ಗಿ ತಾಲೂಕಿನ ಅರಳಗುಂಡಗಿಯಿಂದ ಬಂದ ಶರಣಬಸವರು 1822ರಲ್ಲಿ ಇಲ್ಲೇ ಲಿಂಗೈಕ್ಯರಾದರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ತಿನ್ನಲು ಬಿಟ್ಟರು ಅನ್ನುವ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ದಾಸೋಹ ಇಂದಿಗೂ ಇದೆ. ಪಕ್ಕದ ಅಪ್ಪನ ಕೆರೆ ದಂಡೆ ಸಂಜೆಯ ತಿರುಗಾಟಕ್ಕೆ ಒಳ್ಳೆಯದು. ಹೋಳಿ ಹುಣ್ಣಿಮೆ ಕಳೆದು ಕೆಲವೇ ದಿನಕ್ಕೆ ತೇರು.

ಸಂಜೆ ಹೊತ್ತು ಖಾಜಾ ಬಂದಾನವಾಜ್ ದರ್ಗಾ ಕಡೆ. ಸೂಫಿ ಸಂತ ಖಾಜಾ ಬಂದಾನವಾಜ್ ಗೇಸುದರಾಜ್ ದೆಹಲಿ ಬಿಟ್ಟು ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಇಲ್ಲಿಗೆ ಬಂದರು, 1422ರಲ್ಲಿ ತೀರಿಕೊಂಡರು. ಎಲ್ಲ ಜಾತಿ, ಧರ್ಮದವರೂ ಬರುತ್ತಾರೆ. ತಲೆಗೆ ಕರ್ಚೀಫು ಕಟ್ಟಿಕೊಳ್ಳಿ. ಯಾರು ಎಲ್ಲಿವರೆಗೆ ಒಳಗೆ ಹೋಗಬಹುದು ಅನ್ನುವುದನ್ನು ಅಲ್ಲಿಯವರನ್ನೇ ಕೇಳಿ. ದರ್ಗಾಕ್ಕೆ ಹೋಗುವ ಮುಂಚೆ, ಬೆಳಕಿರುವಾಗಲೇ, ಹತ್ತಿರದ ಹಫ್ತ್ ಗುಂಬಜ್ ನೋಡಿ. ಬಹಮನಿ ಸುಲ್ತಾನರ ಗೋರಿಗಳು. ಜೋಡಿ ಗುಮ್ಮಟದ ದೊಡ್ಡದು ಆ ಫಿರೋಜ್ ಶಾಹನದೇ. ಗಾರೆ ಕೆಲಸದ ನಕ್ಷೆ ಅಲ್ಲಲ್ಲಿ ಚೆನ್ನಾಗಿ ಉಳಿದಿದೆ.

ದರ್ಗಾದ ಉರುಸು ಚಾಂದ್ರಮಾನದ ಲೆಕ್ಕದಲ್ಲಿ ಬರುವುದರಿಂದ ವರ್ಷ ವರ್ಷ ದಿನ ಬದಲಾಗುತ್ತದೆ. ಉರುಸು, ತೇರು ಎರಡರ ಸಮಯದಲ್ಲೂ ಲಾಡ್ಜ್ ಸಿಗುವುದು ಕಷ್ಟ. ಊರಿಂದ ಮನೆಯವರು ಬರುವುದಿದ್ದರೆ ದಿನ ನೋಡಿ ಕರೆಸಿ.

ಇನ್ನೊಂದು ರಜೆಗೆ ಸೇಡಂ ರಸ್ತೆ ಇಟ್ಟುಕೊಳ್ಳಿ. ಗುಲಬರ್ಗಾ ವಿವಿಗೆ ಹೋಗುವ ಸಿಟಿ ಬಸ್ಸೇ ಸಾಕು. 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ ಅಲ್ಲೇ ಹತ್ತಿರ.

ಊಟ

ಖಾನಾವಳಿಗೆ ಹೋಗಿ, ಬೇರೆ ಮಾತಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಬಡಿಯುವ ಸದ್ದು ಒಳಗಿಂದ ಕೇಳುತ್ತಿದ್ದರೆ ಆ ಜಾಗ ಸರಿ ಇದೆ ಅಂತ ಅರ್ಥ. ಪುಂಡಿ ಪಲ್ಯ ಹುಳಿ, ಮೊದಲ ತುತ್ತಿಗೆ ಮುಖ ಹಿಂಡುತ್ತೀರಿ. ಮೂರನೇ ದಿನ ನೀವೇ ಕೇಳಿ ಹಾಕಿಸಿಕೊಳ್ಳುತ್ತೀರಿ. ಕಡಕ್ ರೊಟ್ಟಿ ಕಟ್ಟು ಒಂದು ಹಾಸ್ಟೆಲ್ ರೂಮಿಗೆ ತಂದಿಟ್ಟುಕೊಳ್ಳಿ, ವಾರಗಟ್ಟಲೆ ಕೆಡುವುದಿಲ್ಲ. ಮೆಸ್ ಊಟ ಬೇಸರವಾದ ದಿನ ಶೇಂಗಾ ಹಿಂಡಿ, ಮೊಸರು ಸಾಕು. ತಹರಿ ಅನ್ನುವ ಮಸಾಲೆ ಅನ್ನ ಮತ್ತು ಮಾಲಪುರಿ ಅನ್ನುವ ಸಿಹಿ ಈ ಊರಲ್ಲೇ ತಿನ್ನಬೇಕು. ಸಂಜೆಗೆ ಮಿರ್ಚಿ ಭಜಿ, ಸುಸಲಾ (ಮಂಡಕ್ಕಿ ಒಗ್ಗರಣೆ), ಚಹಾ. ಬಟ್ಟೆ, ಬಕೆಟ್ಟು, ಹಾಸಿಗೆ ಎಲ್ಲ ಸೂಪರ್ ಮಾರ್ಕೆಟ್ ಸುತ್ತಮುತ್ತ ಸಿಗುತ್ತದೆ. ಹೆಸರು ಕೇಳಿ ಮಾಲ್ ಅಂದುಕೊಳ್ಳಬೇಡಿ, ಅದು ಒಂದು ಇಡೀ ಪೇಟೆ.

ಎಳ್ಳ ಅಮಾವಾಸ್ಯೆ ದಿನ ಮಾತ್ರ ಊಟಕ್ಕೆ ಊರಿಗೆ ಬರಬೇಡಿ. ಡಿಸೆಂಬರ್–ಜನವರಿಯ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿರುತ್ತದೆ. ಹೊಲದ ತುಂಬ ಚರಗ (ಎಡೆ) ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು ಗಿಡದ ನೆರಳಲ್ಲಿ ಉಣ್ಣುತ್ತಾರೆ. ಕ್ಲಾಸಿನಲ್ಲಿ ಆಳಂದ, ಅಫಜಲಪುರ ಕಡೆಯ ಗೆಳೆಯರು ಇದ್ದರೆ ಅವರೇ ಕರೆಯುತ್ತಾರೆ. ಸಂಕೋಚ ಮಾಡದೆ ಹೋಗಿ.

ಒಂದು ದಿನದ ದೂರ

ಸೇಡಂ ರಸ್ತೆಯಲ್ಲೇ ಮುಂದೆ ಹೋದರೆ, ಊರಿಂದ ಸುಮಾರು 40 ಕಿ.ಮೀ.ಗೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಇದೇ, ಅಮೋಘವರ್ಷ ನೃಪತುಂಗನ ರಾಜಧಾನಿ. ಕಾಗಿಣಾ ಹೊಳೆ ದಂಡೆಯ ಕೋಟೆ, ಮಾಧ್ವ ಯತಿ ಜಯತೀರ್ಥರ ವೃಂದಾವನ ಎರಡನ್ನೂ ಬಸ್ಸಲ್ಲೇ ಹೋಗಿ ನೋಡಿ ಬರಬಹುದು. ದತ್ತನ ಭಕ್ತರಿಗೆ ಗಾಣಗಾಪುರ ಇದೆ, ನೇರ ಬಸ್ ಸಿಗುತ್ತದೆ. ಹುಣ್ಣಿಮೆ ದಿನ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ. ರೈಲಲ್ಲಿ ಹೋಗುವವರು ನೋಡಿಕೊಳ್ಳಿ, ಗಾಣಗಾಪುರ ರೋಡ್ ಅನ್ನುವ ಸ್ಟೇಷನ್ ಕ್ಷೇತ್ರದಿಂದ ಬಹಳ ದೂರ.

ಸನ್ನತಿಗೆ ಮಾತ್ರ ನಾಲ್ಕೈದು ಜನ ಸೇರಿ ಗಾಡಿ ಮಾಡಿಕೊಳ್ಳುವುದು ಒಳ್ಳೆಯದು. ಚಿತ್ತಾಪುರ ತಾಲೂಕು, ಭೀಮಾ ದಂಡೆ, ಸುಮಾರು 60 ಕಿ.ಮೀ. 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದಲ್ಲಿ ಕಾಳಿ ಗುಡಿಯ ಮಾಡು ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಪಕ್ಕದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ಸ್ತೂಪ ಸಿಕ್ಕಿತು, "ರಾಯೋ ಅಸೋಕೋ" ಅಂತ ಹೆಸರು ಕೊರೆದ ಅಶೋಕನ ಶಿಲ್ಪವೂ ಸಿಕ್ಕಿತು. ಇತಿಹಾಸ ಓದುವವರು ಇದನ್ನು ನೋಡದೆ ಡಿಗ್ರಿ ತೆಗೆದುಕೊಂಡು ಹೋಗಬಾರದು. ನೆರಳು ಕಮ್ಮಿ, ಹೋಟೆಲ್ ನಂಬಬೇಡಿ. ನೀರು, ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೆ ಊರು ಬಿಡಿ.

ಎಲ್ಲಿಗೆ ಹೋದರೂ ಸಂಜೆ ಬಸ್ ನಿಲ್ದಾಣಕ್ಕೆ ಬಂದ ಕೂಡಲೇ ಕಂಟ್ರೋಲರ್ ಹತ್ತಿರ ಆಳಂದದ ಕೊನೆ ಬಸ್ ಎಷ್ಟಕ್ಕೆ ಅಂತ ಕೇಳಿ. ಕೊನೆಯದಕ್ಕೆ ಕಾಯಬೇಡಿ, ಅದರ ಹಿಂದಿನದನ್ನು ಹಿಡಿಯಿರಿ. ಹಾಸ್ಟೆಲ್ ಗೇಟಿಗೂ ಹೊತ್ತು ಇರುತ್ತದೆ. ರಸ್ತೆ ಬದಿ ಇಳಿದು ಒಳಗೆ ನಡೆಯುವಾಗ ಮೊಬೈಲ್ ಟಾರ್ಚ್‌ಗೆ ಚಾರ್ಜ್ ಉಳಿಸಿಕೊಂಡಿರಿ.